ಸತ್ತವರ ಜೊತೆ ಕನ್ನಡ ಮಾತಾಡುತ್ತಿದ್ದವರು

ಅವರ ನಂಬರನ್ನು ಫೋನಿನಲ್ಲಿ ಇಟ್ಟುಕೊಂಡಿದ್ದವಳು ಚೆನ್ನೈನ ನಮ್ಮ ಕನ್ನಡ ಸಂಘದಲ್ಲಿ ನಾನೊಬ್ಬಳೇ. ಉಳಿದವರು ಬೇಕಾದಾಗ ನನಗೆ ಫೋನ್ ಮಾಡಿ ಕೇಳುತ್ತಿದ್ದರು, ಕೆಲಸ ಮುಗಿದ ಮೇಲೆ ಅಳಿಸಿಹಾಕುತ್ತಿದ್ದರು. ಅಣ್ಣಾ ನಗರದ ಒಬ್ಬಾಕೆಯಂತೂ, 'ಸೇವ್ ಮಾಡ್ಕೊಳ್ಳಲ್ಲ ಕಣ್ರೀ, ಕೈ ಮೇಲೆ ಬರ್ಕೊಂಡು ಆಮೇಲೆ ತೊಳ್ಕೊಂಡುಬಿಡ್ತೀನಿ' ಎಂದು ನನಗೇ ಹೇಳಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ಹಾಗೆ. ಆದರೆ ಇದರಲ್ಲಿ ಉಪಕಾರ ಮರೆಯುವ ಬುದ್ಧಿಗಿಂತ ಭಯವೇ ಹೆಚ್ಚು. ಆ ನಂಬರು ಮನೆಯೊಳಗಿದ್ದರೆ ಇನ್ನೊಮ್ಮೆ ಬೇಕಾಗಿಬಿಡಬಹುದು ಎಂಬ ಭಯ.

ಅವರು ಪೆರಂಬೂರಿನ ರೈಲು ಬೋಗಿ ಕಾರ್ಖಾನೆಯಲ್ಲಿದ್ದರು. ಹೊಸ ಬೋಗಿಗಳಿಗೆ ಸೀಟು, ಬರ್ತು ಕೂಡಿಸುವ ಕೆಲಸ. ಹುಟ್ಟಿದ್ದು ಹುಬ್ಬಳ್ಳಿ. ರೈಲ್ವೆಯಲ್ಲಿದ್ದ ತಂದೆಗೆ ವರ್ಗವಾದಾಗ ಬಂದು ಬೆಳೆದದ್ದು ಪೆರಂಬೂರಿನ ಕ್ವಾರ್ಟರ್ಸಿನಲ್ಲಿ. ಮಾತು ಹುಬ್ಬಳ್ಳಿಯದೇ ಉಳಿದಿತ್ತು, ಆದರೆ ಎರಡು ಮಾತಿಗೊಂದು ತಮಿಳಿನ 'ಅಪ್ಪುರಂ', ಅಂದರೆ ಆಮೇಲೆ, ನುಸುಳುತ್ತಿತ್ತು. ಅವರ ಇನ್ನೊಂದು ಕೆಲಸ ಕಾರ್ಖಾನೆಯ ಪಾಳಿ ಮುಗಿದ ಮೇಲೆ ಶುರುವಾಗುತ್ತಿತ್ತು. ಕರ್ನಾಟಕದ ಊರೂರುಗಳಿಂದ ಜನ ಚಿಕಿತ್ಸೆಗೆಂದು ಚೆನ್ನೈಗೆ ಬರುತ್ತಾರೆ. ಎಲ್ಲರೂ ಹುಷಾರಾಗಿ ಹಿಂದಿರುಗುವುದಿಲ್ಲ. ಜೊತೆಗೆ ಬಂದಿರುವುದು ಹೆಂಡತಿಯೋ, ಇನ್ನೂ ಮೀಸೆ ಚಿಗುರದ ಮಗನೋ. ಅವರಿಗೆ ತಮಿಳು ಬಾರದು, ಯಾವ ಕಾಗದಕ್ಕೆ ಯಾರ ಸಹಿ ಬೇಕೆಂದು ತಿಳಿಯದು, ದೇಹವನ್ನು ಅಷ್ಟು ದೂರ ಒಯ್ಯುವುದು ಹೇಗೆಂದಂತೂ ತಿಳಿಯದು. ಅಂಥವರ ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದವರು ಇವರು. ಬೇಕೆಂದರೆ ಶವದ ವ್ಯಾನಿನಲ್ಲೇ ಕೂತು ಊರಿನ ತನಕ ಹೋಗಿ ಬರುತ್ತಿದ್ದರು.

ನಾನು ಅವರನ್ನು ಕಂಡದ್ದೂ ಹಾಗೆಯೇ. ನನ್ನ ಅಕ್ಕನ ಗಂಡ ದಾವಣಗೆರೆಯಿಂದ ಹೃದಯದ ಶಸ್ತ್ರಚಿಕಿತ್ಸೆಗೆ ಬಂದವರು ಅದಾದ ಮಾರನೆಯ ಬೆಳಿಗ್ಗೆ ಹೋಗಿಬಿಟ್ಟರು. ನಾನು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತಳಾದವಳು, ತಮಿಳನ್ನು ತಮಿಳರಿಗಿಂತ ಜೋರಾಗಿ ಆಡುವವಳು, ಆಟೋದವರು ಹೆದರುವ ಹೆಂಗಸು. ಆದರೂ ಆ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೈಕಾಲು ಆಡದೆ ನಿಂತಿದ್ದೆ. ಯಾರೋ ಹೇಳಿ ಕಳಿಸಿದರು, ಅವರು ಬಂದರು. ಕುಳ್ಳನೆಯ ಆಳು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಹೆಗಲಿಗೆ ರೆಕ್ಸಿನ್ ಚೀಲ, ಬಾಯಲ್ಲಿ ಲವಂಗ. ಸಮಾಧಾನದ ಒಂದು ಮಾತೂ ಆಡಲಿಲ್ಲ. 'ಮುಂಜಾನಿಂದ ಏನರ ತಿಂದೀರೇನ್ರಿ?' ಎಂದು ಕೇಳಿದರು. ಇಲ್ಲವೆಂದೆ.

'ಮೊದ್ಲ ತಿನ್ರಿ. ಹೆಣಾ ಕಾಯ್ತದ, ಹೊಟ್ಟಿ ಕಾಯಂಗಿಲ್ಲ.'

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಂಥ ಮಾತಾಡುವವನನ್ನು ಯಾರು ಕರೆದರೋ ಎಂದು ಸಿಟ್ಟೂ ಬಂತು. ಆದರೆ ಅಲ್ಲಿಯವರೆಗೆ ಒಂದು ಗುಟುಕು ನೀರು ಕುಡಿಯದಿದ್ದ ಅಕ್ಕ ಎದ್ದು, ಮರುಮಾತಿಲ್ಲದೆ ಅವರ ಹಿಂದೆ ಕ್ಯಾಂಟೀನಿಗೆ ನಡೆದಳು. ಎರಡು ಇಡ್ಲಿ ತಿಂದಳು. ತಿನ್ನುತ್ತಲೇ ಅತ್ತಳು. ಅವರು ಎದುರಿಗೆ ಕೂತು ಅವಳಿಗೆ ಚಟ್ನಿ ಬಡಿಸಿದರು.

ಶವಾಗಾರದಿಂದ ಭಾವನನ್ನು ಹೊರಗೆ ತಂದಾಗ ಅವರು ಮೊದಲು ಮಾಡಿದ ಕೆಲಸವೆಂದರೆ, ಚೀಲದಿಂದ ಸಣ್ಣ ಕತ್ತರಿ ತೆಗೆದು ಮಣಿಕಟ್ಟಿಗೆ ಸುತ್ತಿದ್ದ ಆಸ್ಪತ್ರೆಯ ಪ್ಲಾಸ್ಟಿಕ್ ಪಟ್ಟಿಯನ್ನು ಕತ್ತರಿಸಿ ತೆಗೆದದ್ದು. 'ನಂಬರ್ ಕಟ್ಕೊಂಡ ಊರಿಗೆ ಹೋಗಬಾರ್ದ್ರಿ' ಎಂದರು. ಆಮೇಲೆ ಭಾವನ ಕಿವಿಯ ಬಳಿ ಬಗ್ಗಿ, ನಿದ್ದೆಯಲ್ಲಿರುವವರನ್ನು ಎಬ್ಬಿಸುವ ದನಿಯಲ್ಲಿ, 'ಏಳ್ರಿ ಅಣ್ಣಾರ, ಊರಿಗೆ ಹೋಗೂಣು. ವ್ಯಾನ್ ಬಂದೈತಿ. ಅಕ್ಕಾರೂ ಜೋಡೀಲೆ ಅದಾರ' ಎಂದರು. ಇದೇನು ಇವರು ಹೀಗೆ ಎಂದು ನಾನು ನೋಡುತ್ತಿದ್ದುದು ಅವರಿಗೆ ತಿಳಿಯಿತು. 'ಪಾಪ, ಎಷ್ಟ ದಿವಸದಿಂದ ಬರೇ ತಮಿಳ ಕೇಳ್ಕೋತ ಮಲಗಿದ್ರೋ ಏನೋ. ಕೊನೀಗರ ತಮ್ಮ ಮಾತು ಕಿವಿಗೆ ಬೀಳ್ಲಿ ಬಿಡ್ರಿ' ಎಂದರು. ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರಂತೆ: ಅಣ್ಣಾರ, ವೆಲ್ಲೂರ ದಾಟಿದ್ವಿ. ಅಣ್ಣಾರ, ಹೊಸೂರ ಬಂತು, ಇನ್ನ ನಮ್ಮ ರಾಜ್ಯ. ಅಕ್ಕ ಈಗಲೂ ಹೇಳುತ್ತಾಳೆ, ಅವರು ಒಂದೊಂದು ಊರಿನ ಹೆಸರು ಹೇಳಿದಾಗಲೂ ಭಾವನ ಪರವಾಗಿ ತಾನೇ ಹೂಂ ಅನ್ನುತ್ತಿದ್ದೆ ಎಂದು.

ಅವರನ್ನು ದೊಡ್ಡ ಸಂತ ಅಂದುಕೊಳ್ಳುವುದು ಬೇಡ. ಮುಂಗೋಪಿ. ವ್ಯಾನಿನಲ್ಲಿ ಹಾಡು ಹಾಕಿದ ಡ್ರೈವರನ ಜೊತೆ ರಸ್ತೆಯ ಮಧ್ಯೆ ನಿಂತು ಜಗಳ ಆಡಿದವರು. ಅಳುವ ಗಂಡಸರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಕೂಡಲೇ ಏನಾದರೊಂದು ಕೆಲಸ ಹೇಳಿ ಓಡಿಸುತ್ತಿದ್ದರು. ಸಂಘದ ಊಟದಲ್ಲಿ ಸಾಂಬಾರಿಗೆ ಬೆಲ್ಲ ಹಾಕಿದರೆ, ಉಡುಪಿಯ ಕಡೆಯ ಅಡಿಗೆಯವರನ್ನು ನಿಲ್ಲಿಸಿಕೊಂಡು 'ಇದು ಸಾರೋ ಪಾಯಸಾನೋ' ಎಂದು ವಿಚಾರಣೆ ಮಾಡುತ್ತಿದ್ದರು. ಅವರ ತಮಾಷೆಯೂ ಒಂಥರಾ ಕಪ್ಪು ಬಣ್ಣದ್ದು. 'ಬರ್ತ್ ಕೂಡಸೂದೂ ನಂದ, ಮಲಗಸೂದೂ ನಂದ' ಎಂದು ತಮ್ಮ ಎರಡು ಕೆಲಸಗಳನ್ನು ಸೇರಿಸಿ ಹೇಳಿ ತಾವೊಬ್ಬರೇ ನಗುತ್ತಿದ್ದರು.

ಒಮ್ಮೆ ಅವರ ಜೊತೆ ಅಣ್ಣಾ ನಗರದ ಅಂಗಡಿಬೀದಿಯಲ್ಲಿ ನಡೆದು ಬರುತ್ತಿದ್ದೆ. ಎದುರಿನಿಂದ ಒಂದು ಸಂಸಾರ ಬಂತು. ಆ ಮನೆಯ ಅಜ್ಜಿಯ ಶವವನ್ನು ಇವರೇ ಆಸ್ಪತ್ರೆಯಿಂದ ಬಿಡಿಸಿ ಕೊಟ್ಟದ್ದು ನನಗೆ ಗೊತ್ತಿತ್ತು. ಅವರು ನಮ್ಮನ್ನು ನೋಡುವ ಮೊದಲೇ ಇವರು ಗೋಡೆಯ ಕಡೆ ತಿರುಗಿ, ಅಲ್ಲಿ ಅಂಟಿಸಿದ್ದ ಯಾವುದೋ ಟ್ಯೂಷನ್ ಜಾಹೀರಾತನ್ನು ಓದುತ್ತ ನಿಂತುಬಿಟ್ಟರು. ಸಂಸಾರ ನೆಮ್ಮದಿಯಾಗಿ ದಾಟಿ ಹೋಯಿತು. 'ನನ್ನ ಮಾರಿ ನೋಡಿದ್ರ ಅವ್ರಿಗೆ ಆ ದಿನ ನೆಪ್ಪಾಕ್ಕೈತಿ. ಅಪ್ಪುರಂ ಮನೀಗೆ ಹೋಗಿ ಊಟ ಸೇರೂದಿಲ್ಲ. ಸುಮ್ನ ಯಾಕ ತ್ರಾಸ?' ಎಂದರು. ಅವರು ಇದನ್ನು ದುಃಖದಿಂದ ಹೇಳಲಿಲ್ಲ, ಬಿಸಿಲು ಜಾಸ್ತಿ ಅನ್ನುವ ಹಾಗೆ ಹೇಳಿದರು. ದುಃಖವಾದದ್ದು ನನಗೆ.

ರಾಜ್ಯೋತ್ಸವದಲ್ಲಿ ಅವರಿಗೆ ಸನ್ಮಾನ ಮಾಡೋಣ ಎಂದು ಕಮಿಟಿಯಲ್ಲಿ ಹೇಳಿದ್ದೆ. ಎಲ್ಲರೂ ಒಪ್ಪಿದರು, ಆದರೆ ಶುಭ ಸಮಾರಂಭದಲ್ಲಿ ಬೇಡ, ಬೇರೆ ಯಾವಾಗಲಾದರೂ ನೋಡೋಣ ಅಂದರು. ಪಿತೃಪಕ್ಷದಲ್ಲಿ ಮಾಡಿದರೆ ಆಗಬಹುದೇ ಎಂದು ಕೇಳಿದೆ. ಯಾರೂ ನಗಲಿಲ್ಲ. ಅವರಿಗೆ ಹೇಳಿದಾಗ ಅವರು ನಕ್ಕರು. 'ಶಾಲು ಹೊದಸೂದು ಅಂದ್ರ ನನಗ ಅಂಜಿಕಿ ಬರ್ತದ್ರಿ ಮೇಡಂ. ನಾ ಯಾರ್ಯಾರಿಗೆ ಹೊದಸೇನಿ ನಿಮಗ ಗೊತ್ತಿಲ್ಲೇನು?'

ಅವರ ಮನೆಯಲ್ಲಿ ಹೆಂಡತಿ ಮತ್ತು ಒಬ್ಬಳೇ ಮಗಳು, ಸಹನಾ. ಹನ್ನೊಂದನೆಯ ಕ್ಲಾಸು, ಅಪ್ಪನಿಗಿಂತ ಎತ್ತರ, ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುವವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತಿತ್ತು. ನಮ್ಮ ಚೆನ್ನೈ ಮಕ್ಕಳೆಲ್ಲ ಹಾಗೆಯೇ. ಅವರನ್ನು ಕನ್ನಡಕ್ಕೆ ಎಳೆದು ತರಲೆಂದು ಸಂಘದಲ್ಲಿ ವರ್ಷಕ್ಕೊಮ್ಮೆ ಭಾಷಣ ಸ್ಪರ್ಧೆ ಇಡುತ್ತೇವೆ. ಆ ವರ್ಷದ ವಿಷಯ 'ನನ್ನ ಹೀರೋ'. ಕ್ರಿಕೆಟ್ಟಿನವರು, ಸಿನಿಮಾದವರು, ರಾಕೆಟ್ ಹಾರಿಸಿದವರು ಎಲ್ಲ ಬಂದು ಹೋದರು. ಸಣ್ಣ ಮಕ್ಕಳು ಅಮ್ಮಂದಿರು ಬಾಯಿಪಾಠ ಮಾಡಿಸಿದಂತೆ 'ನನ್ನ ಹೀರೋ ನಮ್ಮಪ್ಪ' ಎಂದು ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದವು. ಆಮೇಲೆ ಸಹನಾ ಬಂದು ನಿಂತಳು.

'ನನ್ನ ಹೀರೋ ನಮ್ಮ ಸ್ಕೂಲ್ ಬಾಸ್ಕೆಟ್‌ಬಾಲ್ ಕೋಚ್' ಎಂದಳು. 'ಅವರು ಫೇಮಸ್ ಇಲ್ಲೆ. ಆನಾ ಬರ್ತೀನಿ ಅಂದ್ರೆ ಬರ್ತಾರೆ. ಮ್ಯಾಚ್ ಎಲ್ಲಿದ್ರೂ ನಮಗಿಂತ ಮುಂಚೆ ಬಂದು ಇರ್ತಾರೆ. ಫೋನ್ ಬಂತು ಅಂತ ಪಾದಿಯಲ್ಲಿ ಎದ್ದು ಹೋಗಲ್ಲ. ಅವರಿಗೆ ಯಾವ ಕೆಟ್ಟ ಪಳಕ್ಕಮೂ ಇಲ್ಲೆ. ನಾವು ಸೋತ್ರೆ ಬೈಯಲ್ಲ, ಹತ್ತಿರ ಬಂದು ತಲೆ ಮೇಲೆ ಕೈ ಇಡ್ತಾರೆ. ಅದು ಪೋದುಂ ನಂಗೆ.' ಆದರೆ, ಅರ್ಧ, ಸಾಕು ಅನ್ನುವುದಕ್ಕೆ ಅವಳ ಬಾಯಿಗೆ ಬಂದದ್ದು ತಮಿಳಿನ ಆನಾ, ಪಾದಿ, ಪೋದುಂ.

ಅವಳ ತಂದೆ ಸಭಾಂಗಣದ ಬಾಗಿಲ ಬಳಿ, ಎಂದಿನಂತೆ ಕುರ್ಚಿ ಜೋಡಿಸುವ ಕೆಲಸ ಹಚ್ಚಿಕೊಂಡು ನಿಂತಿದ್ದರು. ಮಗಳ ಮಾತು ಮುಗಿದ ಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವರು ಅವರೇ. ನಾನು ತೀರ್ಪುಗಾರಳು, ಅವಳಿಗೆ ಎರಡನೆಯ ಬಹುಮಾನ ಕೊಟ್ಟೆ. ಆದರೆ ಅವಳ 'ಕೆಟ್ಟ ಪಳಕ್ಕಂ', ಅಂದರೆ ಕೆಟ್ಟ ಅಭ್ಯಾಸ ಎಂಬ ಮಾತು ನನ್ನನ್ನು ಬಿಡಲಿಲ್ಲ. ಹದಿನಾರರ ಹುಡುಗಿ ಕೋಚ್ ಅವರ ಗುಣಗಾನದಲ್ಲಿ ಆ ಮಾತನ್ನು ಯಾಕೆ ತಂದಳು? ತಿಂಡಿಯ ಹೊತ್ತಿಗೆ ಅವಳನ್ನು ಕಿಟಕಿಯ ಬಳಿ ಕರೆದು ಕೇಳಿಯೇಬಿಟ್ಟೆ.

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. 'ಆಂಟಿ, ಅಪ್ಪಾ ಕುಡಿಕ್ಕಿರಾರು. ಯಾರ್‌ಕಿಟ್ಟೆಯೂ ಸೊಲ್ಲಾದೀಂಗ.' ಅಪ್ಪ ಕುಡಿಯುತ್ತಾರೆ, ಯಾರಿಗೂ ಹೇಳಬೇಡಿ ಅಂತ.

ನನಗೆ ಮೊದಲು ನಗು ಬಂತು. ಆ ಮನುಷ್ಯ ಕಾಫಿಯನ್ನೂ ಅರ್ಧ ಲೋಟದ ಮೇಲೆ ಕುಡಿದವರಲ್ಲ. ಆದರೆ ಅವಳು ತನಗೆ ತಿಳಿದದ್ದನ್ನೆಲ್ಲ ಕನ್ನಡ ತಮಿಳು ಕಲೆಸಿ ಹೇಳುತ್ತ ಹೋದಂತೆ ನನ್ನ ನಗು ಆರಿತು. ಅಪ್ಪನಿಗೆ ಫೋನ್ ಬರುತ್ತದೆ, ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಾರೆ. ಎಲ್ಲಿಗೆ ಅಂದರೆ ಅಮ್ಮ 'ಫ್ರೆಂಡ್ಸ್ ಜೋಡಿ ಹೋಗ್ಯಾರ' ಅನ್ನುತ್ತಾಳೆ. ಆ ಫ್ರೆಂಡ್ಸ್ ಒಬ್ಬರೂ ಮನೆಗೆ ಬಂದದ್ದಿಲ್ಲ. ಹೋದ ಅಪ್ಪ ಹಿಂದಿರುಗಿದರೆ ಮುಂದಿನ ಬಾಗಿಲಿಗೆ ಬರುವುದಿಲ್ಲ, ಹಿತ್ತಲ ನಲ್ಲಿಗೆ ಹೋಗಿ ಬಟ್ಟೆಯ ಸಮೇತ ಸ್ನಾನ ಮಾಡುತ್ತಾರೆ. ಕಣ್ಣು ಕೆಂಪಗಿರುತ್ತದೆ. ಬಾಯಲ್ಲಿ ಯಾವಾಗಲೂ ಲವಂಗ. ಚಿಕ್ಕವಳಿದ್ದಾಗ ಓಡಿ ಹೋಗಿ ಕಾಲು ಹಿಡಿದುಕೊಳ್ಳಲು ನೋಡಿದರೆ ಎರಡೂ ಕೈ ಎತ್ತಿ 'ಮುಟ್ಟಬ್ಯಾಡ, ದೂರ ನಿಲ್ಲು' ಎಂದು ಚೀರುತ್ತಿದ್ದರು.

'ನಮ್ಮ ಸ್ಟ್ರೀಟಲ್ಲಿ ಕುಡಿಯೋ ಅಪ್ಪಂದಿರು ತುಂಬಾ ಇದಾರೆ ಆಂಟಿ. ಅವರೆಲ್ಲ ಹೊಡೀತಾರೆ, ಶಂಡೆ ಹಾಕ್ತಾರೆ, ಜಗಳ ಆಡ್ತಾರೆ. ನಮ್ಮಪ್ಪ ಅಪ್ಪಡಿ ಇಲ್ಲ. ಡೀಸೆಂಟು' ಎಂದಳು. ತಂದೆಯ ಪರವಾಗಿ ಅವಳಿಗೆ ಹೇಳಲು ಇದ್ದದ್ದು ಅಷ್ಟೇ.

ಮರುದಿನವೇ ನಾನು ಪೆರಂಬೂರಿಗೆ ಹೋದೆ. ಕಾರ್ಖಾನೆಯ ಗೇಟಿನೆದುರಿನ ಚಹಾ ಅಂಗಡಿಯಲ್ಲಿ ಅವರನ್ನು ಕೂರಿಸಿ, ಮಗಳು ಹೇಳಿದ್ದನ್ನು ಸಕ್ಕರೆ ಹಾಕದೆ ಹೇಳಿದೆ. ಅವರು ಬಾಯಲ್ಲಿದ್ದ ಲವಂಗವನ್ನು ಬೆರಳಲ್ಲಿ ತೆಗೆದು ನೋಡಿದರು. ಶವಾಗಾರದ ಔಷಧಿಯ ವಾಸನೆ ಗಂಟಲಲ್ಲಿ ಕೂತುಬಿಡುತ್ತದೆಂದು ಲವಂಗ ಜಗಿಯುತ್ತಿದ್ದರು, ನನಗೆ ಗೊತ್ತಿತ್ತು.

'ಹಂಗಾರ ಅಕಿ ನನ್ನ ಕುಡುಕ ಅಂತ ತಿಳ್ಕೊಂಡಾಳೇನ್ರಿ?' ಎಂದರು. 'ಹೌದು ಬಿಡ್ರಿ. ಅಕೀ ಜಾಗಾದಾಗ ನಾ ಇದ್ರೂ ಹಂಗ ತಿಳೀತಿದ್ದೆ.'

ಹೇಳಿಬಿಡಿ, ಇವತ್ತೇ ಹೇಳಿಬಿಡಿ, ಇದರಲ್ಲಿ ಮುಚ್ಚಿಡುವುದೇನಿದೆ ಎಂದು ನಾನು ರೇಗಿದೆ. ಆಗ ಅವರು ಹೇಳಿದ ಸಂಗತಿ ಸಂಘದಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಹನಾಳಿಗಿಂತ ಮುಂಚೆ ಅವರಿಗೊಂದು ಗಂಡು ಮಗುವಿತ್ತು. ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸು. ಒಂದು ದಿನ ಅವರು ಶವವೊಂದನ್ನು ಕಳಿಸಿ ಮನೆಗೆ ಬರುವಾಗ ಕೂಸಿಗೆ ಮೈ ಸುಡುವ ಜ್ವರ, ಹೆಂಡತಿ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ಇವರು ಸ್ನಾನಗೀನ ನೋಡದೆ ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿಗೆ ಓಡಿದರು. ಮಗು ಉಳಿಯಲಿಲ್ಲ. ಆಮೇಲೆ ಹೆಂಡತಿ ದೇವರ ಮುಂದೆ ಆಣೆ ಮಾಡಿಸಿಕೊಂಡಳು. ಈ ಕೆಲಸವನ್ನು ಬಿಡುವುದಾದರೆ ಬಿಡಲಿ, ಬಿಡದಿದ್ದರೆ ಅದರ ಹೆಸರು ಮನೆಯೊಳಗೆ ಬರಬಾರದು, ಅದರ ಮೈಲಿಗೆಯೂ ಬರಬಾರದು, ಹುಟ್ಟುವ ಮಕ್ಕಳ ಕಿವಿಗೆ ಬೀಳಲೇಬಾರದು. ಕೆಲಸ ಬಿಡಲು ಅವರಿಗೆ ಆಗಲಿಲ್ಲ. ಆಣೆಯನ್ನು ಉಳಿಸಿಕೊಂಡರು.

'ಅದಕ್ಕ ಇದಕ್ಕ ಏನೂ ಸಂಬಂಧ ಇಲ್ಲ ಅಂತ ಡಾಕ್ಟರೂ ಹೇಳಿದ್ರು. ನನಗೂ ಗೊತ್ತದ' ಎಂದರು. ಲವಂಗವನ್ನು ಮತ್ತೆ ಬಾಯಿಗೆ ಹಾಕಿಕೊಂಡು, 'ಆದ್ರ ಅವತ್ತು ನಾ ಜಳಕಾ ಮಾಡಿದ್ದಿಲ್ರಿ' ಎಂದರು. ಇಷ್ಟು ಜನರ ಸಾವನ್ನು ನಿಭಾಯಿಸಿದ ಮನುಷ್ಯನಿಗೆ ತನ್ನ ಮನೆಯ ಒಂದು ಸಾವನ್ನು ದಾಟಲು ಆಗಿರಲಿಲ್ಲ.

ಹೆಂಡತಿಯನ್ನು ಕೇಳಿ ನೋಡುತ್ತೇನೆ, ಅಲ್ಲಿಯವರೆಗೆ ನೀವು ಬಾಯಿ ಬಿಡಬೇಡಿ, ಅದು ನಾನು ಆಡಬೇಕಾದ ಮಾತು ಎಂದರು. ಒಪ್ಪಿದೆ. ಹೊರಡುವಾಗ, ತನಗೇ ಹೇಳಿಕೊಳ್ಳುವ ಹಾಗೆ, 'ಹೀರೋ ಗೀರೋ ಅನ್ನೂದು ಬ್ಯಾಡ್ರಿ ನನಗ. ಕುಡೀತಾನ ಅನ್ನದಿದ್ರ ಸಾಕು' ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಹೆಂಡತಿ ಆಗುವುದಿಲ್ಲವೆಂದಳು. ನಾನೂ ಒಮ್ಮೆ ಹೋಗಿ ಆಕೆಯ ಜೊತೆ ಕೂತೆ. ಆಕೆ ಕೆಟ್ಟವಳಲ್ಲ. ಗದಗಿನ ಕಡೆಯ ಸಾಧು ಹೆಂಗಸು, ಮಾತು ಕಡಿಮೆ. ಒಳಗೆ ಮಗಳು ಓದುತ್ತಿದ್ದಾಳೆಂದು ನನ್ನನ್ನು ಹಿತ್ತಲಿಗೆ ಕರೆದೊಯ್ದು ಹೇಳಿದಳು. 'ಊರಿಗೆ ಉಪಕಾರಿ, ಮನೀಗೆ ಮಾರಿ ಅಂತಾರಲ್ರಿ ಅಕ್ಕಾರ, ಹಂಗಾಗೇದ ನಮ್ಮನೀ ಬಾಳೇವು. ಕುಡುಕನ ಮಗಳು ಅಂದ್ರ ಜನ ಅಯ್ಯೋ ಅಂತಾರ. ಹೆಣಾ ಹೊರಾವನ ಮಗಳು ಅಂದ್ರ ದೂರ ಸರೀತಾರ. ನಿಮ್ಮ ಸಂಘದವ್ರ ಅವರ ನಂಬರ್ ಇಟ್ಕೊಳ್ಳೂದಿಲ್ಲ. ನನ್ನ ಮಗಳನ್ನ ಸೊಸಿ ಅಂತ ಯಾರು ಇಟ್ಕೊತಾರ?' ಆಕೆ ಹಿತ್ತಲ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, 'ಒಂದು ಹೋಗೇದ. ಇನ್ನೊಂದು ಅದರ ಹೆಸರು ಕೇಳೂದು ಬ್ಯಾಡ' ಎಂದು ಮಾತು ಮುಗಿಸಿದಳು.

ಅವರು ಆಮೇಲೆ ಬೇರೆ ದಾರಿ ಹುಡುಕಿದರು. ಹೇಳಲು ಆಗದಿದ್ದರೆ ಹೋಗಿ ನಿಲ್ಲಲಾದರೂ ಆಗುತ್ತದಲ್ಲ ಎಂದು, ಅಡ್ಯಾರಿನ ಒಂದು ಶಾಲೆಯಲ್ಲಿ ಮಗಳ ಮ್ಯಾಚಿದ್ದ ದಿನ ಕಾರ್ಖಾನೆಗೆ ರಜೆ ಹಾಕಿದರು. 'ಇವತ್ತ ಯಾರು ಸತ್ರೂ ನನಗ ಫೋನ್ ಮಾಡಬ್ಯಾಡ್ರಿ' ಎಂದು ನನಗೆ ಹೇಳಿ ಫೋನು ಆಫ್ ಮಾಡಿದರು. ಬಿಳಿ ಶರ್ಟು ಬೇಡವೆಂದು ನೀಲಿ ಶರ್ಟು ಹಾಕಿಕೊಂಡು ಹೋದರಂತೆ. ಸಂಜೆ ಅವರೇ ಫೋನ್ ಮಾಡಿದರು.

'ಸೋತ್ರು' ಎಂದರು. 'ಅಕೀ ಕೊನೀಗೊಂದು ಬಾಲ್ ಹಾಕಿದ್ಳು, ಅದು ಕಬ್ಬಿಣದ ಬಳಿಗೆ ಬಡದು ಹೊರಗ ಬಿತ್ತು. ಅಳಕೋತ ನಿಂತ್ಳು. ಕೋಚ್ ಹೋಗಿ ತಲಿ ಮ್ಯಾಲ ಕೈ ಇಟ್ಟ. ಅಪ್ಪುರಂ ನನ್ನ ನೋಡಿದ್ಳು. ನೋಡಿ ನನ್ನ ಕಡೀ ಬಂದ್ಳ್ರಿ, ಒಂದ ಮೊಳ ದೂರದಾಗ ನಿಂತ್ಳು.' 'ಆಮೇಲೆ?' ಎಂದೆ. 'ನನ್ನ ಕೈ ತಾವಾಗೇ ಬೆನ್ನ ಹಿಂದ ಹೋದೂರಿ ಮೇಡಂ. ಮುಂಜಾನಿಂದ ನಾ ಏನೂ ಮುಟ್ಟಿದ್ದಿಲ್ಲ, ಸ್ವಚ್ಛ ಜಳಕಾ ಮಾಡಿ ಹೋಗಿದ್ದೆ. ಆದ್ರೂ ಹೋದೂ.' ಅವಳು ಮೂಗು ಎಳೆದುಕೊಂಡು, ಗಾಳಿಯಲ್ಲಿ ಏನನ್ನೋ ಮೂಸಿ ನೋಡಿದಂತೆ ಮಾಡಿ, ಗೆಳತಿಯರ ಕಡೆ ನಡೆದಳಂತೆ. ಇವರ ಬಾಯಲ್ಲಿ ಲವಂಗವಿತ್ತು, ಅಭ್ಯಾಸ.

ಅವಳ ಶಾಲೆ ಮುಗಿಯಲಿ, ಹೆಂಡತಿ ಏನೇ ಅನ್ನಲಿ ಹೇಳಿಬಿಡುತ್ತೇನೆ ಎಂದು ಆಮೇಲೆ ನಾಲ್ಕಾರು ಸಲ ಹೇಳಿದರು. ನಾನು ನಂಬಿದೆ. ಅವರೂ ನಂಬಿದ್ದರು.

ಅವಳು ಹನ್ನೆರಡನೆಯ ಕ್ಲಾಸಿಗೆ ಹೋದ ಮೇಲೆ, ಒಂದು ಮಧ್ಯಾಹ್ನ, ಕಾರ್ಖಾನೆಯಿಂದ ಹೊರಗೆ ಬರುತ್ತ ಗೇಟಿನ ಬಳಿ ಕುಸಿದರು. ಆಸ್ಪತ್ರೆಗೆ ಒಯ್ದಾಗ ಡಾಕ್ಟರು 'ಜೀವ ಇಲ್ಲ' ಎಂದರು. ನಾನು ಹೋದಾಗ ಅವರ ಸಹೋದ್ಯೋಗಿಗಳು ನಾಲ್ಕು ಜನ, ಯಾವ ಕಾಗದ ಎಲ್ಲಿ ಕೊಡಬೇಕೆಂದು ತಿಳಿಯದೆ ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಿದ್ದರು. ಇಂಥ ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕೆಂದು ನನ್ನ ಕೈ ಅಭ್ಯಾಸದ ಮೇಲೆ ಅವರ ನಂಬರನ್ನೇ ಹುಡುಕಿತು. ಆ ಕ್ಷಣದಲ್ಲಿ ಅತ್ತಷ್ಟು ನಾನು ನನ್ನ ಭಾವನಿಗೂ ಅತ್ತಿರಲಿಲ್ಲ.

ತಾಯಿ ಮಗಳು ಮನೆಯಲ್ಲೇ ಇದ್ದರು, ಹೆಣ್ಣುಮಕ್ಕಳು ಅಲ್ಲಿಗೆ ಬರಬಾರದೆಂದು ಹಿರಿಯರು ತಡೆದಿದ್ದರು. ನಾನು ಯಾರ ಮಾತೂ ಕೇಳುವವಳಲ್ಲವಾದ್ದರಿಂದ ಶವಾಗಾರದ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಯ ಕೆಲಸದವನು ವಯಸ್ಸಾದ ತಮಿಳಿನವನು, ಅವರನ್ನು ಎಷ್ಟೋ ವರ್ಷಗಳಿಂದ ಬಲ್ಲವನು. ಕಣ್ಣೊರೆಸಿಕೊಳ್ಳುತ್ತ ತಾನೇ ಮಣಿಕಟ್ಟಿನ ಪಟ್ಟಿಯನ್ನು ಕತ್ತರಿಸಿದ. ಆಮೇಲೆ ಕಿವಿಯ ಬಳಿ ಬಗ್ಗಿ, ಅರ್ಥ ತಿಳಿಯದೆ ಕೇಳಿ ಕೇಳಿ ಕಲಿತ ಕನ್ನಡದಲ್ಲಿ, 'ಏಳ್ರಿ ಅಣ್ಣಾರ, ಊರಿಗಿ ಹೋಗೂಣು' ಎಂದ.

ನಾನು ಒಂದೊಂದೇ ಮನೆಗೆ ಫೋನ್ ಮಾಡಿದ್ದೆ, ಅವರು ಯಾರ್ಯಾರ ಅಪ್ಪನನ್ನು, ಅಜ್ಜಿಯನ್ನು, ಗಂಡನನ್ನು ಊರು ಮುಟ್ಟಿಸಿದ್ದರೋ ಅವರಿಗೆಲ್ಲ. ಎಲ್ಲರೂ ಮರುಗಿದರು. ಒಬ್ಬರ ಮನೆಯಲ್ಲಿ ಮಗಳ ನಿಶ್ಚಿತಾರ್ಥ ಹತ್ತಿರವಿತ್ತು. ಇನ್ನೊಬ್ಬರ ಮನೆಯಲ್ಲಿ ಸೊಸೆ ಬಸುರಿ. ಒಬ್ಬರು ಬರುತ್ತೇನೆ ಎಂದರು, ಬರಲಿಲ್ಲ. ಅವರ ಮನೆಯ ಅಂಗಳದಲ್ಲಿ ಕಾರ್ಖಾನೆಯವರೂ ನೆರೆಯವರೂ ಇದ್ದರು, ನಮ್ಮ ಸಂಘದಿಂದ ನಾನು. ಕಣ್ಣೀರಿಲ್ಲದೆ ಗೋಡೆಗೆ ಒರಗಿ ನಿಂತಿದ್ದ ಸಹನಾ ನನ್ನನ್ನು ಕಂಡು ಹತ್ತಿರ ಬಂದು ಕೇಳಿದ್ದು ಒಂದೇ ಮಾತು. 'ಅಪ್ಪಾವೋಡ ಫ್ರೆಂಡ್ಸ್ ಯಾರೂ ವರಲಿಯಾ ಆಂಟಿ?' ಅಪ್ಪ ಊಟ ಬಿಟ್ಟು ಎದ್ದು ಹೋಗುತ್ತಿದ್ದದ್ದು ಯಾರ ಸಲುವಾಗಿಯೋ, ಆ ಗೆಳೆಯರು ಈ ದಿನವೂ ಬರಲಿಲ್ಲವೇ ಎಂದು. ಬರಲಿಲ್ಲ ಎಂದೆ. ಅವಳು ತಲೆಯಾಡಿಸಿದಳು. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

ನಾನು ಕೊಟ್ಟ ಮಾತು ಅವರಿಗೆ, ಅವರೇ ಇಲ್ಲದ ಮೇಲೆ ಅದನ್ನು ಕಟ್ಟಿಕೊಂಡು ಏನು ಮಾಡಲಿ ಎಂದು ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಚದುರಿದ ಮೇಲೆ ತಾಯಿ ಮಗಳನ್ನು ಎದುರಿಗೆ ಕೂರಿಸಿಕೊಂಡೆ. ತಾಯಿಗೆ ನಾನೇನು ಹೇಳಹೊರಟಿದ್ದೇನೆಂದು ತಿಳಿಯಿತು. ಆಕೆ ತಡೆಯಲಿಲ್ಲ, ನೆಲ ನೋಡುತ್ತ ಕೂತಳು. ನಾನು ಎಲ್ಲವನ್ನೂ ಹೇಳಿದೆ. ನಿನ್ನ ತಂದೆ ಒಂದು ದಿನವೂ ಕುಡಿದವರಲ್ಲ. ಅವರು ಹೋಗುತ್ತಿದ್ದುದು ಆಸ್ಪತ್ರೆಗಳಿಗೆ, ದಿಕ್ಕಿಲ್ಲದ ಜನರ ಬಳಿಗೆ. ಸ್ನಾನ ಯಾಕೆ, ಲವಂಗ ಯಾಕೆ, ನಿನ್ನನ್ನು ಮುಟ್ಟುತ್ತಿರಲಿಲ್ಲ ಯಾಕೆ. ನನ್ನ ಅಕ್ಕನ ಕತೆ ಹೇಳಿದೆ, ವ್ಯಾನಿನ ಕತೆ ಹೇಳಿದೆ. ಅವಳಿಗಿಂತ ಮುಂಚೆ ಹೋದ ಕೂಸಿನ ಮಾತನ್ನು ಮಾತ್ರ ತಾಯಿಗೆ ಬಿಟ್ಟೆ. ಹೇಳುತ್ತ ಹೇಳುತ್ತ ನನ್ನ ದನಿ ನಡುಗಿತು, ಬ್ಯಾಂಕಿನಲ್ಲಿ ಯಾರೂ ಕೇಳಿರದ ದನಿ.

ಸಹನಾ ಕಣ್ಣು ಮಿಟುಕಿಸದೆ ಕೇಳಿದಳು. ಮುಗಿದ ಮೇಲೆ ತಾಯಿಯ ಕಡೆ ತಿರುಗಿದಳು. 'ನಿಜವಾ ಅಮ್ಮಾ?'

ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಾನು ಆಕೆಯನ್ನೇ ನೋಡುತ್ತಿದ್ದೆ. ಒಂದು ಹೌದು ಸಾಕಾಗಿತ್ತು. ಕೊನೆಗೆ ಆಕೆ ಹೇಳಿದಳು, 'ದೊಡ್ಡವ್ರು ಹೇಳಿದಾಗ ಹೂಂ ಅನಬೇಕವ್ವಾ.'

ಹುಡುಗಿ ತನಗೆ ತೋಚಿದಂತೆ ಅರ್ಥ ಮಾಡಿಕೊಂಡಳು. ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆಂದು ಅವಳಿಗೆ ಗೊತ್ತಿರುವಷ್ಟು ವಯಸ್ಸಾಗಿತ್ತು. ಮುಂದೆ ಸರಿದು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವಳೇ ನನ್ನನ್ನು ಸಮಾಧಾನ ಮಾಡುವಂತಿತ್ತು.

'ಪರವಾಯಿಲ್ಲ ಆಂಟಿ, ನೀವು ಇಷ್ಟೆಲ್ಲ ಸೊಲ್ಲಬೇಕಾಗಿಲ್ಲ' ಎಂದಳು. ಆಮೇಲೆ, ನನಗಾಗಿ ಕಷ್ಟಪಟ್ಟು ಕನ್ನಡದ ಮಾತುಗಳನ್ನೇ ಹುಡುಕಿ ಹೇಳಿದಳು. 'ಅಪ್ಪ ಕುಡಿದಿದ್ದಕ್ಕೆ ನಂಗೆ ಈಗ ಕೋಪ ಇಲ್ಲ. ನಾನು ಅವರನ್ನ ಕ್ಷಮಿಸಿಬಿಟ್ಟಿದೀನಿ.'

ತಾಯಿ ತಲೆ ಎತ್ತಲಿಲ್ಲ.